ಹದಿನೇಳನೆಯ ಗ್ಯಾರೇಜಿನ ಗುಂಡಿ

ಅಲ್ದೋನಾ ಮೂವತ್ತೊಂದು ವರ್ಷ ಹಲ್ಲಿನ ಡಾಕ್ಟರ ಪಕ್ಕದಲ್ಲಿ ನಿಂತು ಜನರ ಬಾಯಿಗೆ ದೀಪ ಹಿಡಿದವಳು. ಆಸ್ಪತ್ರೆ ಮುಚ್ಚಿದ ದಿನ ಒಂದು ಪುಟ್ಟ ಕನ್ನಡಿ, ಹಲ್ಲಿನ ಹುಳುಕು ಕೆದಕಿ ನೋಡುವ ಒಂದು ಕೊಕ್ಕೆಕಡ್ಡಿ ಮನೆಗೆ ತಂದಳು. ಈಗ ತುಕ್ಕು ಬಿಡಿಸುವ ಕೆಲಸ ಹಿಡಿದು ಅವೆರಡನ್ನೂ ಕಾರುಗಳ ಚಕ್ರದ ಮೇಲಿನ ಕಮಾನಿನೊಳಕ್ಕೆ ತೂರಿಸುತ್ತಾಳೆ. ಅಲ್ಲಿ ತಗಡು ಒಳಕ್ಕೆ ಮಡಚಿಕೊಂಡ ಕಡೆ ಕೆಸರು, ಕೊಳೆತ ಎಲೆ, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಎಲ್ಲ ಸೇರಿ ಕಲ್ಲಾಗಿರುತ್ತದೆ. ಅದನ್ನು ಕೆದಕಿ ತೆಗೆಯುವಾಗ ಅವಳು ಕಾರನ್ನು ಸಮಾಧಾನ ಮಾಡುತ್ತಾಳೆ: "ಸ್ವಲ್ಪ ತಡ್ಕೋ ಚಿನ್ನ, ಆಯ್ತು, ಇನ್ನೇನ್ ಆಗೇಹೋಯ್ತು." ನಮ್ಮ ಮರಿಯಂಪೊಲೆ ಊರಿನ ಗ್ಯಾರೇಜು ಸಾಲಿನ ಗಂಡಸರಿಗೆ ಇದೊಂದು ಪುಕ್ಕಟೆ ನಾಟಕ. ನಾನೂ ನಕ್ಕವನೇ, ಸುಳ್ಳು ಯಾಕೆ ಹೇಳಲಿ.

ನಮ್ಮದು ಅರವತ್ತು ಇಟ್ಟಿಗೆ ಗ್ಯಾರೇಜುಗಳ ಸಹಕಾರ ಸಂಘ. ಒಳಗೆ ಕಾರುಗಳಿಗಿಂತ ಸೌತೆಕಾಯಿ ಉಪ್ಪಿನಕಾಯಿಯ ಭರಣಿಗಳೇ ಹೆಚ್ಚು. ಅಧ್ಯಕ್ಷ ರಿಮಾಂತಸ್. ಒಳ್ಳೆಯವನೇ, ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ಅವನ ಮೊಲ ಯಾವುದೆಂದರೆ ಫಿರಂಗಿ ಕೊಬ್ಬು. ಹಿಂದೆ ಸೈನ್ಯದವರು ಫಿರಂಗಿಗಳಿಗೆ ತುಕ್ಕು ಹಿಡಿಯದಂತೆ ಬಳಿಯುತ್ತಿದ್ದ ಕಂದು ಗ್ರೀಸಿಗೆ ನಮ್ಮಲ್ಲಿ ಆ ಹೆಸರು. ಅವನಪ್ಪ ಸಾಯುವಾಗ ಅದನ್ನು ಒಂದು ಪೀಪಾಯಿ ತುಂಬ ಬಿಟ್ಟುಹೋಗಿದ್ದರು. ಡಬ್ಬಿಯಲ್ಲಿ ಕರಗಿಸು, ಕಾರಿನಡಿ ಬಳಿ, ಧೂಳಿನ ರಸ್ತೆಯಲ್ಲಿ ಒಂದು ಸುತ್ತು ಓಡಿಸು, ಕೆಲಸ ಮುಗಿಯಿತು. ಇದು ರಿಮಾಂತಸ್‌ನ ವೇದ.

ಕಳೆದ ವರ್ಷ ಹದಿನೇಳನೆಯ ಗ್ಯಾರೇಜು ಖಾಲಿಯಾಯಿತು. ಇಡೀ ಸಾಲಿನಲ್ಲಿ ಅದರ ನೆಲದಲ್ಲಿ ಮಾತ್ರ ಗುಂಡಿಯಿದೆ. ಕಾರನ್ನು ಮೇಲೆ ನಿಲ್ಲಿಸಿ, ಕೆಳಗಿಳಿದು ನೆಟ್ಟಗೆ ನಿಂತು ಕೆಲಸ ಮಾಡಬಹುದು. ಅಲ್ದೋನಾಳ ಗ್ಯಾರೇಜಿನದ್ದು ಬರಿಯ ಸಿಮೆಂಟು ನೆಲ. ರಟ್ಟು ಹಾಸಿಕೊಂಡು ಅಂಗಾತ ಮಲಗಿ ಮಲಗಿ ಅವಳ ಭುಜ ಹಿಡಿದುಕೊಂಡಿತ್ತು. ಇನ್ನೊಂದು ಚಳಿಗಾಲ ಹಾಗೆ ಮಲಗಿದರೆ ಕೈ ಮೇಲೇಳುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಗುಂಡಿ ಸಿಗದಿದ್ದರೆ ಕೆಲಸ ಬಿಡಬೇಕು, ಅಷ್ಟೇ. ರಿಮಾಂತಸ್ ಅಲ್ಲಿ ಸೋದರಳಿಯನ ದೋಣಿ ಇಡಿಸಬೇಕೆಂದಿದ್ದ.

"ಮನೇಲಿ ಸುಮ್ನೆ ಕೂತ್ಕೊಳಕ್ಕೇನು ರೋಗ ನಿಂಗೆ?" ಎಂದು ನಾನೇ ಒಮ್ಮೆ ಕೇಳಿದ್ದೆ.

"ಮನೇಲಿ ಯಾರೂ ನಂಗೋಸ್ಕರ ಕಾಯಲ್ಲ ಕಣೋ," ಎಂದಳು. "ಇಲ್ಲಿ ತುಕ್ಕಾದ್ರೂ ಕಾಯ್ತಿರುತ್ತೆ."

ಅಕ್ಟೋಬರ್ ಕೊನೆಗೆ ಜಗಳ ನನ್ನ ಕಾರಿನ ಮೇಲೆಯೇ ಬಂತು. ನವೆಂಬರ್ ಮೊದಲಿಗೆ ಬರುವ ಸತ್ತವರ ದಿನ ಊರೂರಿನ ಸಮಾಧಿಗಳಿಗೆ ಹೋಗಬೇಕು. ನೆಂಟರೆಲ್ಲ ಸೇರುವ ಕಡೆ ಹೊಲಸು ಕಾರು ತಂದು ನಿಲ್ಲಿಸಿದರೆ ವರ್ಷವಿಡೀ ಅದೇ ಮಾತು. ಹಾಗಾಗಿ ಆ ವಾರ ಎಲ್ಲರಿಗೂ ಕಾರಿನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತದೆ. ನನ್ನ ಹಳೆಯ ಸ್ಟೇಷನ್ ವ್ಯಾಗನ್ನಿನ ನಾಲ್ಕೂ ಕಮಾನುಗಳಲ್ಲಿ ಬಣ್ಣ ಗುಳ್ಳೆಯೆದ್ದಿತ್ತು.

"ಮೂರು ದಿನ ಬೇಕು," ಎಂದಳು ಅಲ್ದೋನಾ. "ತೊಳೀಬೇಕು, ಒಣಗಬೇಕು, ಕೆರೀಬೇಕು."

"ಮೂರು ದಿನ!" ರಿಮಾಂತಸ್ ಡಬ್ಬಿ ಹಿಡಿದೇ ಬಂದ. "ನಂಗೆ ಅರ್ಧ ಗಂಟೆ ಸಾಕು. ಅಷ್ಟರಲ್ಲಿ ನೀನು ಕಾರಿನ ಬಾಯಿ ಕೂಡ ತೆರೆಸಿರಲ್ಲ."

"ಕೆಸರಿನ ಮೇಲೇ ಬಳೀತೀರಾ ಅಧ್ಯಕ್ಷರೇ?"

"ಕೆಸರೂ ಒಂದು ಪದರಾನೇ ಕಣಮ್ಮ! ನಮ್ಮಪ್ಪ ಜೀವಮಾನ ಪೂರ್ತಿ ಹಿಂಗೇ ಬಳಿದಿದ್ದು."

"ಹುಳುಕು ಹಲ್ಲಿಗೆ ಚಿನ್ನದ ಟೋಪಿ ಹಾಕಿದಂಗೆ."

ಪಂದ್ಯ ಅಲ್ಲೇ ಕಟ್ಟಿದರು. ಎಡಗಡೆಯ ಎರಡು ಕಮಾನು ಅವನದು, ಬಲಗಡೆಯ ಎರಡು ಅವಳದು. ಯಾವ ಕಡೆ ತುಕ್ಕು ಕಡಿಮೆ ಎಂದು ಈಸ್ಟರ್ ಕಳೆದ ಮೇಲೆ ಎಲ್ಲರೆದುರು ನೋಡುವುದು. ಅವಳು ಗೆದ್ದರೆ ಹದಿನೇಳರ ಕೀಲಿ ಅವಳಿಗೆ. ಸೋತರೆ ಅಲ್ಲಿಗೆ ದೋಣಿ, ಅವಳು ಮನೆಗೆ. ಕಾರು ನನ್ನದು, ನನ್ನನ್ನು ಯಾರೂ ಕೇಳಲಿಲ್ಲ.

ರಿಮಾಂತಸ್ ಸೀಟಿ ಹೊಡೆಯುತ್ತಾ ಅರ್ಧ ಗಂಟೆಯಲ್ಲಿ ಬಳಿದು ಕೈ ತೊಳೆದುಕೊಂಡ. ಅಲ್ದೋನಾ ಮೂರು ದಿನ ನೋಯುವ ಭುಜದಲ್ಲೇ ಕಾರಿನಡಿ ಮಲಗಿದಳು. ಬಿಸಿನೀರು ಹೊಡೆದಳು, ಫ್ಯಾನಿಟ್ಟು ಒಣಗಿಸಿದಳು, ತಂತಿಬ್ರಷ್ಷಿನಲ್ಲಿ ತಗಡು ಬೆಳ್ಳಗಾಗುವವರೆಗೆ ಉಜ್ಜಿದಳು. ಆಮೇಲೆ ಕೆಂಪು ಪ್ರೈಮರ್, ಕೊನೆಗೆ ತೆಳ್ಳಗೆ ಮೇಣ. ನೀರು ಇಳಿದುಹೋಗುವ ತೂತುಗಳು ಮುಚ್ಚಿಕೊಳ್ಳದ ಹಾಗೆ ಒಂದೊಂದಕ್ಕೂ ಬೆಂಕಿಕಡ್ಡಿ ಚುಚ್ಚಿಟ್ಟು ಬಳಿದು, ಆಮೇಲೆ ಎಣಿಸಿ ತೆಗೆದಳು.

ಚಳಿಗಾಲ ಉಪ್ಪಿನಲ್ಲೇ ಕಳೆಯಿತು. ಈಸ್ಟರ್ ಮುಗಿದ ಶನಿವಾರ ಕಾರು ತೊಳೆದು ಜಾಕಿನ ಮೇಲೆ ಎತ್ತಿದೆವು, ಚಕ್ರ ಬಿಚ್ಚಿದೆವು. ರಿಮಾಂತಸ್‌ನ ಕಡೆ ನುಣ್ಣಗೆ, ದಟ್ಟ ಕಂದಾಗಿ, ನಿನ್ನೆ ಬಳಿದಂತಿತ್ತು. ಅಲ್ದೋನಾಳ ಕಡೆ ಮೇಣ ಅಲ್ಲಲ್ಲಿ ಎದ್ದುಹೋಗಿ ಒಂದು ಥರ ಪೆಚ್ಚಾಗಿ ಕಾಣುತ್ತಿತ್ತು. ಜನ ಕೈ ಎತ್ತಿದ್ದೆಲ್ಲ ಅಧ್ಯಕ್ಷನ ಪರವಾಗಿಯೇ. ಅವನು ಆಗಲೇ ರೈ ಬ್ರೆಡ್ಡು, ಹೊಗೆಯಾಡಿಸಿದ ಹಂದಿಮಾಂಸ ಹಂಚತೊಡಗಿದ್ದ.

"ನೀವೆಲ್ಲ ತುಟಿ ನೋಡಿ ಹಲ್ಲಿನ ಭವಿಷ್ಯ ಹೇಳೋರು," ಎಂದಳು ಅಲ್ದೋನಾ. ಏಪ್ರನ್ನಿನ ಜೇಬಿಗೆ ಕೈ ಹಾಕಿದಳು. "ಸ್ವಲ್ಪ ಸರೀರಿ."

ಮೊದಲು ತನ್ನ ಕಡೆಯ ಅಂಚಿಗೆ ಕೊಕ್ಕೆಕಡ್ಡಿ ತಟ್ಟಿದಳು. ಟಿಣ್, ಟಿಣ್. ಮೂಲೆಮೂಲೆಯಲ್ಲೂ ಟಿಣ್. ಆಮೇಲೆ ಎಡಗಡೆಗೆ ಬಂದು ಆ ನುಣ್ಣನೆಯ ಕೊಬ್ಬಿಗೆ ಕಡ್ಡಿ ಒತ್ತಿದಳು. ಸದ್ದೇ ಬರಲಿಲ್ಲ. ಕಡ್ಡಿ ಹಿಡಿಯವರೆಗೂ ಒಳಕ್ಕೆ ಹೋಯಿತು. ಎಳೆದ ಕೂಡಲೇ ತಗಡಿನ ಚೂರೊಂದು ಕಿತ್ತು ಬಂದು, ಹಿಂದೆಯೇ ಕಂದು ಉಪ್ಪುನೀರು ಅವಳ ತೋಳಿನುದ್ದಕ್ಕೂ ಇಳಿಯಿತು. ನೀರಿನ ತೂತುಗಳನ್ನೆಲ್ಲ ಕೊಬ್ಬು ಮುಚ್ಚಿತ್ತು. ಒದ್ದೆ ಕೆಸರು ಒಳಗೇ ಕೂತು ಚಳಿಗಾಲವಿಡೀ ತಗಡನ್ನು ತಿಂದಿತ್ತು. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು.

"ಅಯ್ಯೋ ನನ್ ಕಾರು!" ಎಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ರಿಮಾಂತಸ್ ಮಾತ್ರ ನಗಲಿಲ್ಲ. ಬ್ರೆಡ್ಡನ್ನು ಅಲ್ಲೇ ಇಟ್ಟು ಹೊರಟುಹೋದ. ಸೋತವನು ಮುಖ ತೋರಿಸಲಾಗದೆ ಓಡಿದ ಎಂದುಕೊಂಡೆವು.

ಕಾಲು ಗಂಟೆಗೆ ವಾಪಸು ಬಂದ. ಬಂದದ್ದು ಅಪ್ಪನ ಹಸಿರು ಕಾರಿನಲ್ಲಿ. ಅದನ್ನವನು ಬೇಸಿಗೆಯಲ್ಲಿ ನಾಲ್ಕೇ ದಿನ ಹೊರಗೆ ತೆಗೆಯುವುದು, ಉಳಿದ ದಿನ ಅದಕ್ಕೆ ಕಂಬಳಿ. ನೇರ ಹದಿನೇಳಕ್ಕೆ ಹೋಗಿ ಬೀಗ ತೆಗೆದು ಗುಂಡಿಯ ಮೇಲೆ ನಿಲ್ಲಿಸಿದ.

"ಅಲ್ದೋನಾ, ಇದನ್ನೂ ನೋಡು," ಎಂದ. "ಮೂವತ್ತು ವರ್ಷದಿಂದ ನಾನೇ ಬಳೀತಿದ್ದೀನಿ. ಅಪ್ಪಂದು ಅಂತ ಉಳಿದಿರೋದು ಇದೊಂದೇ."

ಅವಳು ಗೆದ್ದ ಜಂಬವನ್ನೆಲ್ಲ ಬಿಟ್ಟು ಗುಂಡಿಗಿಳಿದಳು. ಕೊಬ್ಬು ಕೆರೆಯತೊಡಗಿದಳು. ಅಷ್ಟು ಹೊತ್ತು ಅಣಕಿಸುತ್ತಿದ್ದವರು ಕೂಡ ಟೋಪಿ ತೆಗೆದು ನಿಂತಿದ್ದರು. ನನಗೆ ನನ್ನ ಕಾರು ಮರೆತೇಹೋಗಿತ್ತು.

ಟಿಣ್ ಎಂದಿತು.

"ಇಳಿದು ಬಾ," ಎಂದು ಕೂಗಿದಳು. ಅವನ ಹಿಂದೆಯೇ ನಾನೂ ಬಗ್ಗಿದೆ. ಬೆರಳು ದಪ್ಪದ ಕೊಬ್ಬಿನ ಕೆಳಗೆ ಕೆಂಪು ಪ್ರೈಮರ್ ಹೊಸದರಂತಿತ್ತು. ಅಂಚಿನಲ್ಲಿ ಒಂದು ಕಾಳು ಮಣ್ಣಿಲ್ಲ. ನೀರಿನ ತೂತುಗಳೊಳಗೂ ಕೆಂಪು ಬಣ್ಣವಿತ್ತು.

"ನಿಮ್ಮಪ್ಪ ತೊಳೆದಿದ್ದಾರೆ, ಉಜ್ಜಿದ್ದಾರೆ, ಬಣ್ಣ ಹೊಡೆದಿದ್ದಾರೆ. ಕೊಬ್ಬು ಆಮೇಲೆ ಬಳಿದಿದ್ದು ಕಣೋ."

ರಿಮಾಂತಸ್ ಆ ಕೆಂಪನ್ನು ಬೆರಳಿನಿಂದ ಸವರಿದ. "ನಾನು ಅದನ್ನ ನೋಡ್ಲೇ ಇಲ್ವಲ್ಲ. ಶನಿವಾರ ಮಧ್ಯಾಹ್ನ ನನ್ ಕೈಗೆ ಬ್ರಷ್ ಕೊಡ್ತಿದ್ರು, ಬಳಿ ಮಗನೇ ಅಂತಿದ್ರು. ಅಷ್ಟೇ ಅನ್ಕೊಂಡಿದ್ದೆ."

"ಉಳಿದ ಕೆಲಸ ಮಾಡುವಾಗ ನೀನು ಸ್ಕೂಲಲ್ಲಿ ಇದ್ದಿರ್ತೀಯ."

ಅರವತ್ತು ಗ್ಯಾರೇಜುಗಳ ಅಧ್ಯಕ್ಷ ಗುಂಡಿಯೊಳಗೆ ನಿಂತು ಅತ್ತ. ಅಳುತ್ತಲೇ ನಕ್ಕ. ಜೇಬಿನಿಂದ ಹದಿನೇಳರ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟ. ಅವಳು ಅದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಅವನ ಕೈಗೊಂದು ಕೆರೆಯುವ ಚಾಕು ಕೊಟ್ಟಳು.

"ಸೋಮವಾರ ಶುರು ಮಾಡೋಣ. ಮೊದ್ಲು ನಿನ್ನ ಮೂವತ್ತು ವರ್ಷದ್ದು ಕೆರೆದು ತೆಗೀಬೇಕು. ನಿಮ್ಮಪ್ಪಂದು ಹಾಗೇ ಇರ್ಲಿ."