ನಲ್ಲಿಯ ಸಾಲಿನಲ್ಲಿ ನಿಂತವಳು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಮುಖ ತಿರುಗಿಸಿ ನಗುತ್ತಿದ್ದವಳು ನಾನು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆನಲ್ಲ, ಲ್ಯಾಬಿನಲ್ಲಿ ಅಳೆದು ತೋರಿಸಲಾಗದ್ದೆಲ್ಲ ಸುಳ್ಳು ಎಂಬ ಜಂಬವಿತ್ತು. ಈಗ ನಾನೇ ಅಂಥದೊಂದನ್ನು ಹೇಳಲು ಕೂತಿದ್ದೇನೆ. ನಗುವುದಿದ್ದರೆ ನಗಿ, ನನಗೇನೂ ಬೇಸರವಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಜರಗನಹಳ್ಳಿ ಆಗಿನ್ನೂ ಹಳ್ಳಿಯೇ. ಅಲ್ಲಿನ ಒಂದು ವಠಾರದಲ್ಲಿ ನಾನೂ ನನ್ನ ಸಹಪಾಠಿ ಶಾರದಾಳೂ ಒಂದು ರೂಮು ಹಿಡಿದಿದ್ದೆವು. ಐದು ಮನೆಗೆ ಒಂದೇ ನಲ್ಲಿ. ಬೆಳಗಿನ ಜಾವ ನೀರು ಬರುವ ಮೊದಲೇ ಬಿಂದಿಗೆಗಳು ಸಾಲಾಗಿ ಕೂರುತ್ತಿದ್ದವು. ಬಿಂದಿಗೆ ಇದ್ದರೆ ಆಳು ಇದ್ದಂತೆಯೇ. ಅದನ್ನು ಯಾರೂ ಹಿಂದೆ ತಳ್ಳುವಂತಿರಲಿಲ್ಲ. ಗುರುತಿಗೆಂದು ನಮ್ಮ ಬಿಂದಿಗೆಯ ಕುತ್ತಿಗೆಗೆ ಕೆಂಪು ದಾರ ಕಟ್ಟಿದ್ದೆವು.

ಆ ವರ್ಷ ನನಗೆ ಏನೋ ಆಯಿತು. ಏನೆಂದು ಹೇಳಲಿ? ಜ್ವರವಿಲ್ಲ, ನೋವಿಲ್ಲ. ಪುಸ್ತಕ ತೆರೆದರೆ ಒಂದೇ ಸಾಲನ್ನು ಹತ್ತು ಸಲ ಓದುತ್ತಿದ್ದೆ. ಊಟ ಸೇರುತ್ತಿರಲಿಲ್ಲ, ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದೆ. ನಾನಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅನ್ನಿಸತೊಡಗಿತ್ತು. ಖಿನ್ನತೆ ಎಂಬ ಪದ ಆಗ ನಮ್ಮ ಬಾಯಲ್ಲಿರಲಿಲ್ಲ. ನಮ್ಮ ತರಗತಿಯವರಿಗೆಲ್ಲ ಆರೋಗ್ಯವೆಂದರೆ ಜ್ವರ ಬರದಿರುವುದು, ಅಷ್ಟೇ. ವೈದ್ಯಕೀಯ ತಪಾಸಣೆಯ ಫಾರಂ ಬಂದಾಗ ‘ನಿಮ್ಮ ಆರೋಗ್ಯ ಹೇಗಿದೆ?’ ಎಂಬುದರ ಮುಂದೆ ಒಬ್ಬರದನ್ನೊಬ್ಬರು ನೋಡಿಕೊಂಡು ‘ಉತ್ತಮ’ ಎಂದು ತುಂಬಿದೆವು. ನಾನಂತೂ ಅದರ ಕೆಳಗೆ ಗೆರೆ ಬೇರೆ ಎಳೆದಿದ್ದೆ. ಮೈಗಳ್ಳತನಕ್ಕೆ ಕಾಯಿಲೆಯ ಹೆಸರು ಕೊಡಬಾರದು ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ.

ಶಾರದಾ ತನ್ನ ಅಕ್ಕನ ಮದುವೆಗೆಂದು ಊರಿಗೆ ಹೋದಳು. ಚಿಲಕ ಹಾಕಿ ಮಲಗಿದ ನಾನು, ಹಿತ್ತಲಿಗೆ ಹೋಗಿಬಂದದ್ದು ಬಿಟ್ಟರೆ ಮೂರು ದಿನ ಮೇಲೇಳಲೇ ಇಲ್ಲ. ಸ್ನಾನವಿಲ್ಲ. ಹೂಜಿಯಲ್ಲಿ ಉಳಿದಿದ್ದ ನೀರು, ಒಂದಿಷ್ಟು ಬ್ರೆಡ್ಡು. ಖಾಲಿ ಬಿಂದಿಗೆ ಮಂಚದ ಪಕ್ಕ ಬೋರಲು ಬಿದ್ದಿತ್ತು. ನಾಲ್ಕನೆಯ ದಿನದ ಬೆಳಗಿನ ಜಾವವೂ ನಾನು ಎಚ್ಚರವಾಗಿಯೇ ಇದ್ದೆ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಸೂರು ನೋಡುತ್ತಾ ಮಲಗಿ, ನಲ್ಲಿಯ ಹತ್ತಿರದ ಗಲಾಟೆ, ಪಕ್ಕದ ಮನೆಯ ರತ್ನಕ್ಕನ ದೊಡ್ಡ ಗಂಟಲು, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ.

ರತ್ನಕ್ಕ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಆ ದಿನ ಒಂಬತ್ತು ಗಂಟೆಗೆ ನನ್ನ ಬಾಗಿಲು ಬಡಿದಳು. ಚಿಲಕ ತೆಗೆದರೆ, ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಚೀಲ.

“ಏನೇ, ಇನ್ನೂ ರೆಡಿ ಆಗಿಲ್ವಾ? ನಿನಗೋಸ್ಕರ ರಜಾ ಹಾಕಿದ್ದೀನಿ ಕಣೇ.”

“ಎಲ್ಲಿಗಕ್ಕ?”

“ಒಳ್ಳೇ ಹುಡುಗಿ! ಬೆಳಿಗ್ಗೆ ನಲ್ಲಿ ಹತ್ರ ನೀನೇ ತಾನೇ ಹೇಳಿದ್ದು? ‘ಹುಷಾರಿಲ್ಲ ಅಕ್ಕ, ಬದುಕೋಕೇ ಬೇಜಾರು, ಡಾಕ್ಟ್ರ ಹತ್ರ ಕರ್ಕೊಂಡು ಹೋಗಕ್ಕ’ ಅಂತ? ಬಿಂದಿಗೆ ಎತ್ತಿ ನಿನ್ನ ಸೊಂಟಕ್ಕೆ ಇಟ್ಟೋಳೇ ನಾನು.”

ನಾನು ಬಂದೇ ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕಣ್ಣು ಮಂಚದ ಕಡೆ ಹೋಯಿತು. ಕೆಂಪು ದಾರದ ಬಿಂದಿಗೆ ಗೋಡೆಯ ಪಕ್ಕ ನೆಟ್ಟಗೆ ಕೂತಿತ್ತು, ಕಂಠಮಟ್ಟ ನೀರು. ನನ್ನ ಸೆರಗನ್ನು ಮುಟ್ಟಿ ನೋಡಿಕೊಂಡೆ, ಒಣಗಿತ್ತು. ನೆಲದ ಮೇಲೆ ಒಂದು ಹನಿಯೂ ಚೆಲ್ಲಿರಲಿಲ್ಲ. ಭಯವಾಯಿತು, ಸುಳ್ಳೇಕೆ ಹೇಳಲಿ. ಆದರೆ ಭಯಕ್ಕಿಂತ ಹೆಚ್ಚಾಗಿ ಅಳು ಬಂತು. ತಿಂಗಳುಗಟ್ಟಲೆ ಯಾರಿಗೂ ಹೇಳಲಾಗದೆ ನುಂಗಿಕೊಂಡಿದ್ದ ಮಾತನ್ನೇ ರತ್ನಕ್ಕ ಆಡಿಬಿಟ್ಟಿದ್ದಳು.

ಅದೇ ನೀರಿನಲ್ಲಿ ಸ್ನಾನ ಮಾಡಿ ಹೊರಟೆ. ಜಯನಗರದ ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರಮ್ಮ ಒಬ್ಬರು ಎಲ್ಲ ಕೇಳಿ, “ಇದೂ ಕಾಯಿಲೆನೇ ಕಣಮ್ಮ, ಸೋಮಾರಿತನ ಅಲ್ಲ. ನಿಧಾನಕ್ಕೆ ವಾಸಿ ಆಗುತ್ತೆ,” ಎಂದರು. ನಿಧಾನವೆಂದರೆ ನಿಧಾನವೇ. ನಡುವೆ ಎರಡು ಸಲ ಮತ್ತೆ ಹಾಸಿಗೆ ಹಿಡಿದೆ. ರತ್ನಕ್ಕ ಎರಡು ಸಲವೂ ಬಂದು ಎಬ್ಬಿಸಿದಳು. ಪರೀಕ್ಷೆಯನ್ನು ಒಂದು ವರ್ಷ ತಡವಾಗಿ ಪಾಸು ಮಾಡಿದೆ.

ನಿದ್ದೆಗಣ್ಣಿನಲ್ಲಿ ಹೋಗಿರಬೇಕು ಎಂದಳು ಶಾರದಾ. ನಿದ್ದೆಯೇ ಇಲ್ಲದವಳಿಗೆ ನಿದ್ದೆಗಣ್ಣು ಎಲ್ಲಿಂದ ಬರಬೇಕು? ರತ್ನಕ್ಕ ಕಥೆ ಕಟ್ಟಿ ಹೇಳಿದಳೆಂದರೆ, ಒಳಗಿನಿಂದ ಚಿಲಕ ಹಾಕಿದ್ದ ರೂಮಿಗೆ ನೀರು ತಂದವರು ಯಾರು? ಇಷ್ಟು ವರ್ಷ ಯೋಚಿಸಿದರೂ ನನ್ನ ಭೌತಶಾಸ್ತ್ರ ಬಾಯಿ ಬಿಟ್ಟಿಲ್ಲ.

ಊರು ಬಿಡುವ ದಿನ ರತ್ನಕ್ಕನನ್ನು ಕೇಳಿದೆ, ಆವತ್ತು ನಲ್ಲಿ ಹತ್ತಿರ ನಾನು ಹೇಗೆ ಕಾಣುತ್ತಿದ್ದೆ ಎಂದು.

“ಸುಸ್ತಾಗಿದ್ದೆ. ಆದ್ರೆ ಹೇಳಿ ಆದ್ಮೇಲೆ ಒಂದು ಸಲ ನಕ್ಕೆ ಕಣೇ. ಆ ನಗು ನೋಡೇ ನಾನು ರಜಾ ಹಾಕಿದ್ದು.”

ಆ ನಗು ನನಗೆ ನೆನಪಿಲ್ಲ. ಆದರೆ ಆಮೇಲೆ ಯಾವ ಫಾರಮ್ಮಿನಲ್ಲೂ ನಾನು ಸುಳ್ಳು ‘ಉತ್ತಮ’ ಬರೆದಿಲ್ಲ.