ಹಾಲಿನ ಸಕ್ಕರೆ ಬೆರೆಸಿದ ಪುಡಿ

ಜಹೀರಾಬಾದಿನ ಗುಳಿಗೆ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಮೇಲಿನವರಾಗಿದ್ದ, ನಾವೆಲ್ಲ 'ಅಕ್ಕಾರು' ಎಂದು ಕರೆಯುತ್ತಿದ್ದವರು ಝರಾಸಂಗಂ ಕಡೆಯ ಕುರಿ ಸಾಕುವ ಮನೆಯವರು. ಔಷಧವನ್ನೂ ಗುಳಿಗೆಗೆ ಬೆರೆಸುವ ಪುಡಿಯನ್ನೂ ಒಟ್ಟಿಗೆ ಕಾಯಿಸಿ, ಎರಡೂ ಹೊಂದುತ್ತವೆಯೇ ಎಂದು ನೋಡುವುದು ಅವರ ಕೆಲಸ. ಕಾಯಿಸುವ ಮಷಿನ್ನಿನ ಪರದೆಯ ಮೇಲೆ ಗೆರೆ ಮೂಡುವಾಗ ಕೋಟಿನ ಗುಂಡಿ ತಿರುವುತ್ತಾ, "ಇನ್ನೊಮ್ಮೆ ನೋಡೂಣ್ರಿ" ಎನ್ನುತ್ತಿದ್ದರು.

ಒಮ್ಮೆ ಬಿ.ಪಿ. ಔಷಧಕ್ಕೆ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಬೆರೆಸಿ ಕಾಯಿಸಿದಾಗ, ಔಷಧ ಕರಗಬೇಕಾದ ಶಾಖಕ್ಕಿಂತ ಬಹಳ ಮೊದಲೇ ಕರಗಿತು. ಮೂರು ಸಲ ಮಾಡಿದರೂ ಅದೇ ಗೆರೆ; ಎರಡೂ ಹೊಂದುವುದಿಲ್ಲ ಎಂಬುದರ ಸುಳಿವು.

"ಮಷಿನ್ ಅನುಮಾನ ಹೇಳ್ತದ, ಪುರಾವೆ ಅಲ್ಲ. ಎರಡೂ ಹೊಂದ್ತಾವಂತ ಸಹಿ ಮಾಡ್ರಿ," ಎಂದರು ಮ್ಯಾನೇಜರು.

"ಖರೇ ಅದರಿ ಸಾಹೇಬ್ರ. ಅದಕ್ಕ ಬಿಸಿ, ತೇವ ಇರೋ ಪೆಟ್ಟಿಗ್ಯಾಗ ನಾಕ್ ವಾರ ಇಟ್ಟು ನೋಡೂಣ್ರಿ. ನಮ್ಮವ್ವ ಗುಳಿಗಿ ಒಲಿ ಬಾಜೂಕ ಇಡ್ತಾಳ," ಎಂದರು ಅಕ್ಕಾರು.

ಮ್ಯಾನೇಜರು ಒಪ್ಪಿದರು. ಆ ನಾಲ್ಕು ವಾರ ಅಕ್ಕಾರಿಗೆ ಊಟ ಸೇರಲಿಲ್ಲ. "ಪುಡಿಗೆ ಏನೂ ಆಗ್ಲಿಲ್ಲಂದ್ರ ನನ್ನ ಮಾತು ಮತ್ತ ಯಾರ್ ಕೇಳ್ತಾರ?" ಎಂದು ನನ್ನನ್ನೇ ಕೇಳುತ್ತಿದ್ದರು.

ಪೆಟ್ಟಿಗೆಯಲ್ಲಿಟ್ಟ ಸೀಸೆ ತೆರೆದಾಗ ಬಿಳಿ ಪುಡಿ ಕೆಟ್ಟು ಕಂದು ಬಣ್ಣಕ್ಕೆ ತಿರುಗಿತ್ತು. ಮ್ಯಾನೇಜರು ಆ ಮಿಶ್ರಣವನ್ನು ಕೈಬಿಟ್ಟರು. ಅಕ್ಕಾರು ಗೆದ್ದವರ ಹಾಗೆ ಕಾಣಲಿಲ್ಲ. ಸ್ಟೂಲಿನ ಮೇಲೆ ಕೂತು, "ಛಲೋ ಆತು, ಇನ್ನಾ ಯಾರೂ ನುಂಗಿಲ್ಲ" ಎಂದರು.