ನಾಲ್ಕು ಸ್ಕ್ರೂ ಬಿಚ್ಚಿ ನೋಡಿದ ಬೇಸ್

ಯಾರಾದರೂ ವಸ್ತುವನ್ನು ಹೊಗಳಿ ಮಾರಲು ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೊಗಳದೆ ಮಾರಲು ಬಂದರೆ ಇನ್ನೂ ಜಾಸ್ತಿ ಉರಿಯುತ್ತದೆ. ಮನೆಯವರು ಇದನ್ನು ಹುಟ್ಟುಗುಣ ಅನ್ನುತ್ತಾರೆ. ಹುಟ್ಟುಗುಣವೂ ಅಲ್ಲ, ಮಣ್ಣಂಗಟ್ಟಿಯೂ ಅಲ್ಲ. ಅಪ್ಪನಿಂದ ಕಲಿತದ್ದು.

ನಾನು ಚಿಂತಾಮಣಿಯ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೆ. ಹಗಲು ಸ್ಕೂಲಿನಲ್ಲಿ ಗಣಿತ ಪಾಠ, ಸಂಜೆ ಯಾರದಾದರೂ ರಿಸೆಪ್ಷನ್. ಹೆಂಗಸು ಬೇಸ್ ಹಿಡಿದರೆ ಜನ ಊಟದ ಸಾಲು ಬಿಟ್ಟು ಬಂದು ನೋಡುತ್ತಿದ್ದರು. ನೋಡಲಿ ಬಿಡಿ. ಹೋದ ವರ್ಷ ನನ್ನ ಹಳೇ ಬೇಸಿನ ನೆಕ್, ಅಂದರೆ ತಂತಿ ಒತ್ತುವ ಉದ್ದನೆಯ ಮರ, ಬಾಗಿಹೋಗಿ ಸ್ವರ ನಿಲ್ಲದಂತಾಯಿತು. ತಂಡ ನಡೆಸುವ ಕೀಬೋರ್ಡಿನವನು ನನ್ನ ಮುಖ ನೋಡದೆ ಹೇಳಿದ: "ಅಕ್ಕಾ, ಗಣೇಶನ ಹಬ್ಬದೊಳ್ಗೆ ಒಳ್ಳೇದೊಂದು ತಗೊಂಬಿಡಿ. ಇಲ್ಲಾಂದ್ರೆ ನಾನೂ ಏನಾದ್ರೂ ದಾರಿ ನೋಡ್ಕೋಬೇಕಾಗುತ್ತೆ."

ಅವನ ಪಕ್ಕ ಹನ್ನೊಂದು ವರ್ಷ ನಿಂತವಳು ನಾನು. ಆ ಜಾಗ ಹೋದರೆ ನನಗೆ ಉಳಿಯುವುದು ಕರಿಹಲಗೆ ಒಂದೇ. ಹೆದರಿಬಿಟ್ಟೆ.

ನನಗೆ ಬೇಕಾದದ್ದು ಹಳೇ ಕಾಲದ ಮಾದರಿಯದು, ಕೈಗೆಟಕುವ ಬೆಲೆಯದು. ಮೊದಲು ಚಿಕ್ಕಬಳ್ಳಾಪುರದ ಒಂದು ಅಂಗಡಿಗೆ ಹೋದೆ. ಅಲ್ಲಿದ್ದ ಹೊಸ ಬೇಸು ಅಂಚಿಗೆ ಕಪ್ಪು, ನಡುವೆ ಜೇನಿನ ಬಣ್ಣ, ನೋಡಲು ಚಂದವೇ. ಆದರೆ ಕೈ ಊರುವ ಕಡೆ ಬಣ್ಣ ಉಜ್ಜಿಹೋಗಿತ್ತು. ಹೊಸದರಲ್ಲಿ ಬಣ್ಣ ಹೇಗೆ ಹೋಯಿತು ಎಂದು ಕೇಳಿದೆ. "ಫ್ಯಾಕ್ಟರೀಲೇ ಉಜ್ಜಿ ಕಳಿಸ್ತಾರೆ ಮೇಡಂ. ಅಚ್ಚಂ ಹಳೇ ಪೀಸೇ!" ಎಂದು ಅಂಗಡಿಯವನು ಹಲ್ಲು ಕಿರಿದ. ಯಾರೂ ನುಡಿಸದೆಯೇ ಸವೆದ ವಾದ್ಯ! ಅಂಗೈಯನ್ನು ನೆಕ್ಕಿನ ಅಂಚಿನ ಮೇಲೆ ಜಾರಿಸಿದೆ. ಅಡ್ಡಕ್ಕೆ ಕೂರಿಸಿದ ಲೋಹದ ಫ್ರೆಟ್ಟುಗಳ ತುದಿ ಅರವೇ ಕಂಡಿರಲಿಲ್ಲ, ಚರ್ಮ ಗೀರಿತು. ನೆಕ್ಕು ಒಡಲಿಗೆ ಕೂಡುವ ಸಂದಿಯಲ್ಲಿ ಬಸ್ ಟಿಕೆಟ್ ತೂರಿಸಿದೆ, ಸಲೀಸಾಗಿ ಹೋಯಿತು. ಯಾರಿಗೆ ಟೋಪಿ ಹಾಕ್ತೀಯಪ್ಪ ಎಂದು ಹೇಳಿ ಇಳಿದು ಬಂದೆ.

ಗೌರಿಬಿದನೂರಿನಲ್ಲಿ ನೋಡಿದ್ದು ತೊಂಡೇಬಾವಿಯವನೊಬ್ಬ ಮಾರಲಿಟ್ಟಿದ್ದ ಬೇಸು. ಅದರ ಸಂದಿ ಬಿಗಿಯಾಗಿತ್ತು, ಫ್ರೆಟ್ಟೂ ನುಣುಪು. ಆದರೆ ಪಟ್ಟಿ ಹೆಗಲಿಗೆ ಹಾಕಿಕೊಂಡು ಕೈ ಬಿಟ್ಟರೆ ನೆಕ್ಕಿನ ತುದಿ ನೆಲಕ್ಕೆ ವಾಲುತ್ತಿತ್ತು. ಒಡಲಿನ ಮರ ಅಷ್ಟು ಹಗುರ. ಎಡಗೈ ಅದನ್ನು ಹೊರುವುದೋ, ನುಡಿಸುವುದೋ? ಅದನ್ನೂ ಬಿಟ್ಟೆ.

ಮೂರನೆಯದು ಶಿಡ್ಲಘಟ್ಟದ ಒಬ್ಬ ರೀಲರ್ ಚಾಚಾ ಮನೆಯಲ್ಲಿ. ರೇಷ್ಮೆ ಗೂಡನ್ನು ಬಿಸಿನೀರಿಗೆ ಹಾಕಿ ಎಳೆ ಹುಡುಕಿ ಹುಡುಕಿ ಅವರ ಬೆರಳತುದಿ ಜಡ್ಡುಗಟ್ಟಿತ್ತು. "ತಂತಿ ಮುಟ್ಟಿದ್ರೆ ಗೊತ್ತೇ ಆಗಲ್ಲಮ್ಮ. ಯಾರಾದ್ರೂ ಬಾರಿಸ್ಲಿ ಅಂತ ಕೊಡ್ತಿದೀನಿ. ನಿಧಾನಕ್ಕೆ ನೋಡ್ಕೋ" ಅಂದರು. ಚಿಕ್ಕಬಳ್ಳಾಪುರದ್ದಕ್ಕಿಂತ ಕಡಿಮೆ ಬೆಲೆ ಹೇಳಿದರು. ಅಷ್ಟೇ, ಒಂದು ಮಾತೂ ಹೊಗಳಲಿಲ್ಲ. ನೋಡಿದೆ. ನೆಕ್ ದಾರ ಹಿಡಿದ ಹಾಗೆ ನೇರ. ಬಣ್ಣ ಮಾಸಿದ್ದು ಮೊಣಕೈ ಊರುವ ಕಡೆ ಮಾತ್ರ. ದಪ್ಪ ತಂತಿ ಮೀಟಿದರೆ ಹೊಟ್ಟೆಯಲ್ಲಿ ಗುಂಯ್ ಎಂದಿತು. ಅಯ್ಯೋ, ಎಷ್ಟು ಆಸೆಯಾಯಿತು! ಆಸೆಯಾದ ಕೂಡಲೇ ಅನುಮಾನವೂ ಬಂತು. ಇಷ್ಟು ಒಳ್ಳೆಯದನ್ನು ಇಷ್ಟು ಅಗ್ಗಕ್ಕೆ ಯಾರು ಕೊಡುತ್ತಾರೆ?

ನಮ್ಮ ಮನೆಯಲ್ಲಿ ಹಿಪ್ಪುನೇರಳೆ ತೋಟವಿತ್ತು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬರುತ್ತಿದ್ದೆ. ರೀಲರುಗಳು ಬಂದು ಮೇಲಿನ ಗೂಡನ್ನು ನೋಡುತ್ತಲೇ ಇರಲಿಲ್ಲ. ಮೊಣಕೈವರೆಗೆ ತೋಳು ತೂರಿಸಿ ರಾಶಿಯ ತಳದಿಂದ ಹಿಡಿ ತೆಗೆಯುತ್ತಿದ್ದರು. ಅಪ್ಪ ಕೂಗಾಡುತ್ತಿದ್ದರು: "ನಂಬ್ಕೆ ಇಲ್ವೇನ್ರೀ?" ನಾನು ತಲೆ ತಗ್ಗಿಸುತ್ತಿದ್ದೆ. ಕರೆ ಹಿಡಿದ ಗೂಡನ್ನೆಲ್ಲ ಬೆಳಿಗ್ಗೆ ತಳಕ್ಕೆ ಸುರಿದವಳು ನಾನೇ, ಸುರಿಯಲು ಹೇಳಿದವರು ಅಪ್ಪ.

ಹಾಗಾಗಿ ಚಾಚಾಗೆ ಹೇಳಿದೆ: "ನೆಕ್ ಬಿಚ್ಚಿ ಒಳಗೆ ನೋಡ್ಬೇಕು."

ಅವರ ಹುಬ್ಬು ಮೇಲೇರಿತು. "ಯಾಕಮ್ಮ? ಕೂತಿರೋದನ್ನ ಬಿಚ್ಚಬಾರ್ದು. ಮರ ಹಿಡಿತ ಬಿಡುತ್ತೆ."

ಬೇಡ ಎಂದರಲ್ಲ, ನನ್ನ ಅನುಮಾನ ಗಟ್ಟಿಯಾಯಿತು. ಒಳಗೆ ಬಿರುಕಿದೆ, ಅಂಟು ಹಾಕಿ ಮುಚ್ಚಿದ್ದಾರೆ! ಹಟ ಹಿಡಿದೆ. ಅವರು ಸ್ಕ್ರೂಡ್ರೈವರ್ ಕೈಗಿಟ್ಟು, "ನಿನ್ನಿಷ್ಟ" ಎಂದು ಟೀ ತರಲು ಒಳಗೆ ಹೋದರು. ತಂತಿ ಸಡಿಲಿಸಿ ಹಿಂದಿನ ನಾಲ್ಕೂ ಸ್ಕ್ರೂ ತೆಗೆದು ನೆಕ್ಕನ್ನು ಎತ್ತಿದೆ. ಒಳಗೆ ಬಿರುಕಿಲ್ಲ, ಅಂಟಿಲ್ಲ. ಮರ ಆಗತಾನೇ ಕೊಯ್ದ ಹಾಗೆ ಶುಭ್ರವಾಗಿತ್ತು.

ಗಡಿಬಿಡಿಯಲ್ಲಿ ವಾಪಸ್ ಕೂಡಿಸಿದೆ. ಮೂರು ಸ್ಕ್ರೂ ಕೂತವು. ನಾಲ್ಕನೆಯದನ್ನು ಅಡ್ಡ ಇಟ್ಟು ಬಿಗಿದೆನೋ ಏನೋ, ಕರಕ್ ಎಂದಿತು. ಆಮೇಲೆ ಎಷ್ಟು ತಿರುಗಿಸಿದರೂ ಸುಮ್ಮನೆ ತಿರುಗುತ್ತಲೇ ಇತ್ತು. ತೂತಿನ ಮರ ಪುಡಿಯಾಗಿತ್ತು.

ಚಾಚಾ ಟೀ ಹಿಡಿದು ಬಂದರು. ನನ್ನ ಬಾಯಿಂದ ತಾನಾಗಿ ಬಂತು: "ನೋಡಿ, ಒಂದು ಸ್ಕ್ರೂ ಮೊದ್ಲಿಂದ್ಲೂ ಲೂಸು. ಅದಕ್ಕೇ ಬಿಚ್ಚಿದ್ದು ನಾನು."

ಅವರು ಕೂತು ಆ ಸ್ಕ್ರೂವನ್ನು ತಾವೇ ತಿರುಗಿಸಿ ನೋಡಿದರು. ಆ ಬೆರಳುಗಳಿಗೆ ಏನು ತಿಳಿಯಿತೋ ದೇವರೇ ಬಲ್ಲ. ಮುಖ ಸಣ್ಣದಾಯಿತು. "ನಂಗೆ ಗೊತ್ತಿರ್ಲಿಲ್ಲಮ್ಮ, ತಪ್ಪು ತಿಳ್ಕೋಬೇಡ. ಕೆಟ್ಟ ಮಾಲು ಕೈಗೆ ಹಾಕ್ದ ಅಂತ ನಾನು ಅನ್ನಿಸ್ಕೊಳ್ಳಲ್ಲ. ಇದನ್ನ ನಾನು ಮಾರಲ್ಲ, ಟೀ ಕುಡಿ" ಎಂದರು.

ನಿಜ ಒಂದು ಮಾತು ಹೇಳಿದ್ದರೆ ಆ ಬೇಸ್ ನನ್ನದಾಗುತ್ತಿತ್ತು. ಟೀ ಕುಡಿದು, ಥೂ ನಿನ್ನ ಎಂದು ನನ್ನನ್ನೇ ಬೈದುಕೊಳ್ಳುತ್ತ ಬಸ್ ಸ್ಟ್ಯಾಂಡಿಗೆ ನಡೆದೆ.

ಹಬ್ಬ ಹತ್ತಿರವಾಗಿತ್ತು. ಗೌರಿಬಿದನೂರಿನದು ಆಗಲೇ ಮಾರಿಹೋಗಿತ್ತು, ಚಿಕ್ಕಬಳ್ಳಾಪುರದ್ದನ್ನೇ ಕೊಂಡೆ. ಫ್ರೆಟ್ಟಿನ ಅಂಚನ್ನು ಅರದಿಂದ ನಾನೇ ಉಜ್ಜಿದೆ. ಆದರೆ ಸಂದಿ ಸಡಿಲವಿದ್ದುದರಿಂದ ಎರಡು ಹಾಡಿಗೊಮ್ಮೆ ಶ್ರುತಿ ಇಳಿಯುತ್ತಿತ್ತು. ಕೀಬೋರ್ಡಿನವನು ಏನೂ ಅನ್ನಲಿಲ್ಲ. ಅವನು ಸುಮ್ಮನಿದ್ದದ್ದೇ ನನಗೆ ಅನುಮಾನ ತಂದಿತು.

ಗೌರಿಬಿದನೂರಿನ ಗಣೇಶನ ಪೆಂಡಾಲಿನಲ್ಲಿ ಮೂರನೇ ಹಾಡಿನ ನಡುವೆ ಪರೀಕ್ಷೆ ಮಾಡಿಬಿಟ್ಟೆ. ನುಡಿಸುವುದನ್ನು ನಿಲ್ಲಿಸಿ, ಅಂಗೈಯನ್ನು ನಾಲ್ಕೂ ತಂತಿಯ ಮೇಲೆ ಒತ್ತಿ ಹಿಡಿದೆ. ಸ್ಪೀಕರಿನಲ್ಲಿ ಬೇಸ್ ನಿಲ್ಲಲಿಲ್ಲ, ಒಂದು ಸ್ವರವೂ ತಪ್ಪದೆ ನಡೆದೇ ಇತ್ತು. ಕೀಬೋರ್ಡಿನವನ ಎಡಗೈ ನೋಡಿದೆ, ನನ್ನ ಬೇಸಿನ ಸ್ವರಗಳನ್ನೆಲ್ಲ ಅದೇ ನುಡಿಸುತ್ತಿತ್ತು. ಅವನೂ ನನ್ನನ್ನು ನೋಡಿದ, ತಲೆ ತಗ್ಗಿಸಿದ. ಜನ ಎದುರಿಗಿದ್ದರು. ನಾನು ಮತ್ತೆ ಬೆರಳು ಆಡಿಸತೊಡಗಿದೆ.